ಪಟ್ಟಿಯಲ್ಲಿ ಹೆಸರಿತ್ತು, ಲೆಕ್ಕ ಇರಲಿಲ್ಲ

ಕೊರೊನಾ ಪರಿಹಾರದ ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ ಮೇಲೆ ಒಂದು ಊರಿನಲ್ಲಿ ನಡೆದದ್ದರ ವಿವರ ಇದು. ಊರು ಉತ್ತರ ಕನ್ನಡದ ಕರಾವಳಿಯಲ್ಲಿದೆ. ಅದರ ಹೆಸರನ್ನಾಗಲಿ, ತಾಲ್ಲೂಕನ್ನಾಗಲಿ ಹೇಳುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದದ್ದರಿಂದಲೇ ಅಲ್ಲಿ ಕೆಲವರು ಸಾಕಷ್ಟು ಅನುಭವಿಸಿದ್ದಾರೆ. ನಾನು ಮತ್ತೊಮ್ಮೆ ಅವರನ್ನು ಬೀದಿಗೆ ತರಬೇಕಾಗಿಲ್ಲ.

ಮೊದಲು ಯೋಜನೆಯ ವಿಚಾರ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪರಿಹಾರ ಪ್ಯಾಕೇಜ್ ಘೋಷಿಸಿದರು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮೇ ಮಧ್ಯದಲ್ಲಿ ಇನ್ನೊಂದು ಕಂತಿನ ಘೋಷಣೆ ಬಂತು. ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ 137 ಕೋಟಿ, ಹೆಕ್ಟೇರಿಗೆ 15,000ದಂತೆ, ಗರಿಷ್ಠ ಒಂದು ಹೆಕ್ಟೇರಿಗೆ. ಮೆಕ್ಕೆಜೋಳದವರಿಗೆ ತಲಾ 5,000. ಇದರ ಜೊತೆಗೆ ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತನ್ನು ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲಿಯೇ ಬಿಡುಗಡೆ ಮಾಡಿತ್ತು.

ನಮ್ಮ ಪ್ರಕರಣ ಹೆಕ್ಟೇರಿಗೆ 15,000 ರೂಪಾಯಿಯದು. ಬೆಳೆ ಕಲ್ಲಂಗಡಿ.

ಈ ಊರಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಗಳನ್ನು ಖಾಲಿ ಬಿಡುವುದಿಲ್ಲ. ಸುಗ್ಗಿಯ ಹೊತ್ತಿಗೆ ಹರಿವೆ, ಬೆಂಡೆ, ಸೌತೆ, ಗೆಣಸು, ಕಲ್ಲಂಗಡಿ ಎಲ್ಲ ಏಳುತ್ತವೆ. ಗದ್ದೆಯ ಮೂಲೆಯಲ್ಲಿ ಆಳೆತ್ತರದ ಹೊಂಡ ತೋಡಿ, ಅದರಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸುವವರು ಈಗಲೂ ಇದ್ದಾರೆ. ಕಲ್ಲಂಗಡಿ ಮಾರ್ಚ್ ಕೊನೆಗೆ ಕೊಯ್ಲಿಗೆ ಬರುತ್ತದೆ. ಒಂದಷ್ಟು ಕಾರವಾರದ ಭಾನುವಾರದ ಸಂತೆಗೆ, ಒಂದಷ್ಟು ಹೆದ್ದಾರಿ ಬದಿಯ ರಾಶಿಗಳಿಗೆ, ಉಳಿದದ್ದು ಗೋವಾಕ್ಕೆ. ಆ ವರ್ಷ ಸಂತೆ ನಿಂತಿತು, ಹೆದ್ದಾರಿಯಲ್ಲಿ ಗಾಡಿಗಳಿರಲಿಲ್ಲ, ಮಾಜಾಳಿಯ ಗಡಿ ಮುಚ್ಚಿತು. ಕಾಯಿ ಗದ್ದೆಯಲ್ಲಿಯೇ ಒಡೆದು ಹುಳಿ ವಾಸನೆ ಹೊಡೆಯಿತು. ಹಾಗಾಗಿ ನಷ್ಟವಾಯಿತೇ ಇಲ್ಲವೇ ಎಂಬ ಬಗ್ಗೆ ಊರಿನಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಎದ್ದದ್ದು ಯಾರ ನಷ್ಟ ಕಾಗದದ ಮೇಲೆ ಬಂತು ಎಂಬ ಬಗ್ಗೆ.

ತಾಲ್ಲೂಕಿನ ಕಚೇರಿಯಿಂದ ಬಂದ ಪಟ್ಟಿ ಎರಡು ಹಾಳೆಯದು. ನಲವತ್ತು ಚಿಲ್ಲರೆ ಸಾಲುಗಳು. ಕ್ರಮ ಸಂಖ್ಯೆ, ರೈತರ ಹೆಸರು, ತಂದೆ ಅಥವಾ ಗಂಡನ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಷರಾ. ಇಷ್ಟೇ. ಮೊತ್ತ ಇರಲಿಲ್ಲ, ಸರ್ವೆ ನಂಬರ್ ಇರಲಿಲ್ಲ, ಬೆಳೆಯ ಹೆಸರೂ ಇರಲಿಲ್ಲ. ಅಂದರೆ ಮುಚ್ಚಿಡಬೇಕಾದ ಎರಡು ಕಾಲಂಗಳು ತೆರೆದಿದ್ದವು, ತೆರೆದಿಡಬೇಕಾದ ಮೂರು ಕಾಣೆಯಾಗಿದ್ದವು. ಆಕ್ಷೇಪಣೆಗೆ ಒಂದು ವಾರದ ಗಡುವು ಕೊಟ್ಟಿದ್ದರು. ಬರಿ ಹೆಸರು ನೋಡಿ ಯಾರು ಯಾವುದನ್ನು ಆಕ್ಷೇಪಿಸಬೇಕು? ಸಂಜೆಯೊಳಗೆ ಯಾರೋ ಅದರ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಖಾತೆ ಸಂಖ್ಯೆಗಳ ಸಮೇತ ಅದು ಮುಂಬಯಿಯಲ್ಲಿರುವ ಊರವರ ತನಕ ಹೋಯಿತು.

ಪಟ್ಟಿಯಲ್ಲಿ ಒಂದು ಹೆಸರು ಮೂರು ಸಲ ಇತ್ತು. ಹಾಲಕ್ಕಿ ಒಕ್ಕಲಿಗರ ಮನೆಯ ಹೆಂಗಸೊಬ್ಬರದು. ಗಂಡ ತೀರಿಕೊಂಡ ಮೇಲೆ ಗದ್ದೆಯ ಕೆಲಸವನ್ನೂ ಸಂತೆಯ ಮಾರಾಟವನ್ನೂ ಒಬ್ಬರೇ ನಡೆಸಿದವರು. ಮೂರು ಸಲ ಹೆಸರು ಎಂದರೆ ಮೂರು ಪಟ್ಟು ದುಡ್ಡು ಎಂದು ಊರು ತೀರ್ಮಾನಿಸಿತು. 15,000ವನ್ನು ಮೂರರಿಂದ ಗುಣಿಸಿ 45,000 ಎಂದು ಒಬ್ಬರು ಹೇಳಿದರು. ಮರುದಿನದ ಹೊತ್ತಿಗೆ ಅದು ಪಂಚಾಯಿತಿ ಸದಸ್ಯರ ಜೊತೆಗಿನ ಹಂಚಿಕೆಯ ಕಥೆಯಾಗಿ ಬೆಳೆದಿತ್ತು. ನೆರೆಮನೆಯವರು ಬಾವಿಕಟ್ಟೆಯಲ್ಲಿ ಮಾತು ಬಿಟ್ಟರು. ಆಕೆಗೆ ಓದು ಬಾರದು. ಪಟ್ಟಿಯಲ್ಲಿ ತನ್ನ ಹೆಸರು ಎಷ್ಟು ಸಲ ಇದೆ ಎಂಬುದೇ ಆಕೆಗೆ ಜಗಳದಿಂದ ತಿಳಿಯಿತು.

ಇನ್ನೊಂದು ಹೆಸರು ಬಹಳ ವರ್ಷಗಳಿಂದ ಊರಿನಲ್ಲಿ ಇಲ್ಲದ ಒಬ್ಬರದು. ಹಬ್ಬಕ್ಕೆ, ದೇವರ ತೇರಿಗೆ ಬಂದು ಹೋಗುವವರು. ಅವರ ಗದ್ದೆಯಲ್ಲಿ ಕಲ್ಲಂಗಡಿ ಬೆಳೆದವನು ಬೇರೆ. ಅವನು ವರ್ಷಕ್ಕೆ ಇಂತಿಷ್ಟು ಎಂದು ಬಾಯಿಮಾತಿನಲ್ಲಿ ಗೇಣಿಗೆ ಪಡೆದವನು. ಬೀಜ, ಗೊಬ್ಬರ, ಪಂಪಿನ ಡೀಸೆಲ್ ಎಲ್ಲ ಅವನದು. ಕಾಯಿ ಕೊಳೆತದ್ದೂ ಅವನದೇ. ಪಟ್ಟಿಯಲ್ಲಿ ಅವನಿಲ್ಲ. ಹಳ್ಳದ ಆಚೆ ಬದಿಯ ಸುಮಾರು ಹನ್ನೆರಡು ಮನೆಗಳವರೂ ಇಲ್ಲ. ಅವರದು ಸ್ವಂತ ಗದ್ದೆ, ಸ್ವಂತ ಬೆಳೆ. ಅವರನ್ನು ಏಕೆ ಬಿಟ್ಟರು ಎಂದು ಕೇಳಿದರೆ ಉತ್ತರಿಸುವವರು ಯಾರೂ ಇರಲಿಲ್ಲ.

ಇಲ್ಲಿ ಕಥೆಗೆ ಬರುವವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಊರಿಗೆಲ್ಲ ಮಾಸ್ತರರು. ಅವರಿಗೆ ಗದ್ದೆಯೂ ಇಲ್ಲ, ಪರಿಹಾರದ ಆಸೆಯೂ ಇಲ್ಲ. ಇದ್ದದ್ದು ಸಿಟ್ಟು ಮಾತ್ರ. ಅದೂ ಅಚ್ಚುಕಟ್ಟಾದ ಸಿಟ್ಟು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಬರೆದರು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಈ ನಿಯಮ ಅರ್ಜಿದಾರರ ಕೈಕಟ್ಟುತ್ತದೆ ಎಂದು ದೂರುವವರಿದ್ದಾರೆ, ಆ ದೂರು ನಿಜವೂ ಹೌದು. ಆದರೆ ಮಾಸ್ತರರಿಗೆ ಅದರಿಂದ ಲಾಭವೇ ಆಯಿತು. ವ್ಯಾಕರಣ ಕಲಿಸಿದ ಮನುಷ್ಯ, ನಾಲ್ಕು ಸಾಲಿನಲ್ಲಿ ಮುಗಿಸಿದರು: ಈ ಗ್ರಾಮದ ಪ್ರತಿ ಫಲಾನುಭವಿಯ ಸರ್ವೆ ನಂಬರ್ ಮತ್ತು ಹಿಸ್ಸಾ, ದಾಖಲಾದ ಬೆಳೆ, ಪರಿಗಣಿಸಿದ ವಿಸ್ತೀರ್ಣ, ಪಾವತಿಸಿದ ಮೊತ್ತ, ಮತ್ತು ಇದಕ್ಕೆ ಆಧಾರವಾದ ಬೆಳೆ ಸಮೀಕ್ಷೆಯ ಪ್ರತಿ. ಖಾತೆ ಸಂಖ್ಯೆ, ಆಧಾರ್, ಮೊಬೈಲ್ ಸಂಖ್ಯೆ ಬೇಡ ಎಂದೂ ಸ್ಪಷ್ಟವಾಗಿ ಬರೆದಿದ್ದರು.

ಮೂವತ್ತು ದಿನದ ಅಂಚಿನಲ್ಲಿ ಹಿಂಬರಹ ಬಂತು. ಕೋರಿದ ಮಾಹಿತಿ ಮೂರನೆಯ ವ್ಯಕ್ತಿಗಳ ವೈಯಕ್ತಿಕ ಮಾಹಿತಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನ ಅಡಿಯಲ್ಲಿ ನೀಡಲು ಬರುವುದಿಲ್ಲ ಎಂದು ಅದರ ಸಾರ. ಇದೇ ಕಚೇರಿಯ ಪಟ್ಟಿ ಜನರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಗೋಡೆಗೆ ಅಂಟಿಸಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಖಾಸಗಿತನದ ಕಾಳಜಿ ಅವರಿಗೆ ಅರ್ಜಿ ಬಂದ ಮೇಲೆ ಹುಟ್ಟಿತು.

ಮಾಸ್ತರರು ಮೊದಲ ಮೇಲ್ಮನವಿ ಹಾಕಿದರು. ಅವರ ವಾದ ಹೊಸದೇನಲ್ಲ, ಕಾಯ್ದೆಯಲ್ಲಿ ಇದ್ದದ್ದೇ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ ಹನ್ನೆರಡನೆಯ ಅಂಶ, ಸಹಾಯಧನ ಕಾರ್ಯಕ್ರಮಗಳ ಜಾರಿಯ ವಿಧಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಅದೇ ಕಲಮಿನ 4(1)(ಡಿ), ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸಬೇಕು ಎನ್ನುತ್ತದೆ. ಮೊದಲನೆಯದು ಪಡೆದವರ ಬಗ್ಗೆ, ಎರಡನೆಯದು ಪಡೆಯದವರ ಬಗ್ಗೆ. ಮಾಹಿತಿ ಹಕ್ಕಿನ ಹೋರಾಟಗಾರರು ಮೊದಲನೆಯದನ್ನು ಬಾಯಿಪಾಠ ಹೇಳುತ್ತಾರೆ. ಎರಡನೆಯದನ್ನು ಎತ್ತುವವರು ಕಡಿಮೆ. ಈ ಊರಿನ ಮಟ್ಟಿಗೆ ಹೆಚ್ಚು ಬೇಕಾಗಿದ್ದದ್ದು ಎರಡನೆಯದು ಎಂದೇ ನನ್ನ ಅಭಿಪ್ರಾಯ.

ಮೇಲ್ಮನವಿ ಪ್ರಾಧಿಕಾರದ ಅಧಿಕಾರಿ ಫೈಲು ನೋಡಿ ಹೆಚ್ಚು ಮಾತಾಡಲಿಲ್ಲ. ಮಾಹಿತಿ ಕೊಡಿ ಎಂದು ಆದೇಶ ಮಾಡಿದರು. ಪುಟಕ್ಕೆ ಎರಡು ರೂಪಾಯಿಯಂತೆ ಹಣ ಕಟ್ಟಿ ಮಾಸ್ತರರು ಕಾಗದಗಳನ್ನು ಪಡೆದರು.

ಆ ಕಾಗದಗಳಲ್ಲಿ ಮೂರು ಸಲ ಬಂದ ಹೆಸರಿನ ಸಾಲುಗಳು ಹೀಗಿದ್ದವು. ಮೊದಲ ಸಾಲಿನಲ್ಲಿ ವಿಸ್ತೀರ್ಣ ಏಳು ಗುಂಟೆ, ಮೊತ್ತ 1,062 ರೂಪಾಯಿ. ಎರಡನೆಯದು ಒಂಬತ್ತು ಗುಂಟೆ, 1,366. ಮೂರನೆಯದು ಆರು ಗುಂಟೆ, 911. ಮೂರೂ ಬೇರೆ ಬೇರೆ ಹಿಸ್ಸಾ. ಪಾಲಾದ ಗದ್ದೆಗಳು ಹಾಗೆಯೇ ಇರುತ್ತವೆ. ಒಂದು ತುಂಡು ಇಲ್ಲಿ, ಒಂದು ತುಂಡು ದೇವಸ್ಥಾನದ ಹಿಂದೆ. ಒಟ್ಟು ಇಪ್ಪತ್ತೆರಡು ಗುಂಟೆಗೆ 3,339 ರೂಪಾಯಿ. ಊರು ಹೇಳಿದ್ದು 45,000.

ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಜಗಳ ಅದರಲ್ಲಿದೆ. ಒಂದು ಗುಂಟೆ ಎಂದರೆ 101 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಹೆಕ್ಟೇರಿಗೆ ಸುಮಾರು 99 ಗುಂಟೆ, ಅಂದರೆ ಎರಡು ಎಕರೆ ಹತ್ತೊಂಬತ್ತು ಗುಂಟೆಯ ಹತ್ತಿರ. ಹೆಕ್ಟೇರಿಗೆ 15,000 ಎಂದರೆ ಗುಂಟೆಗೆ 152 ರೂಪಾಯಿಯ ಆಸುಪಾಸು. ಕರಾವಳಿಯಲ್ಲಿ ಪೂರ್ತಿ ಒಂದು ಹೆಕ್ಟೇರ್ ಕಲ್ಲಂಗಡಿ ಹಾಕುವವರು ಎಷ್ಟು ಮಂದಿ? ಘೋಷಣೆಯಲ್ಲಿ ಕೇಳಿದ 15,000, ಗದ್ದೆಯ ಅಳತೆಗೆ ಇಳಿದಾಗ ಸಾವಿರ, ಎರಡು ಸಾವಿರವಾಗುತ್ತದೆ. ಭಟ್ಕಳದ ಕಡೆ ಮನೆಯಂಗಳದಲ್ಲಿ ಎರಡು ಗುಂಟೆ ಮಲ್ಲಿಗೆ ಬೆಳೆದವರಿಗೆ ಹೂವಿನ ದರದಲ್ಲಿ ಲೆಕ್ಕ ಹಾಕಿದರೆ ಐನೂರು ಚಿಲ್ಲರೆ. ಪಟ್ಟಿಯಲ್ಲಿ ಮೊತ್ತದ ಕಾಲಂ ಒಂದು ಇದ್ದಿದ್ದರೆ ಆ ಹೆಂಗಸಿನ ಮೇಲೆ ಅಪವಾದ ಬರುವ ಪ್ರಶ್ನೆಯೇ ಇರಲಿಲ್ಲ. ಹೆಸರನ್ನು ಬಯಲಿಗಿಟ್ಟು ಮೊತ್ತವನ್ನು ಬಚ್ಚಿಟ್ಟರೆ ಅದನ್ನು ಪಾರದರ್ಶಕತೆ ಎನ್ನಲು ನನಗೆ ಮನಸ್ಸು ಬಾರದು. ಅದು ಚಾಡಿಗೆ ಸರ್ಕಾರಿ ಮೊಹರು ಒತ್ತಿದ ಹಾಗೆ.

ಊರಿನಲ್ಲಿ ಇಲ್ಲದವರ ಸಾಲು: ಒಂದು ಎಕರೆ ಹತ್ತು ಗುಂಟೆ, ಕಲ್ಲಂಗಡಿ, 7,588 ರೂಪಾಯಿ. ದಾಖಲೆಯ ಪ್ರಕಾರ ಇದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಅವರ ಹೆಸರಿದೆ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿನಲ್ಲಿ ಕಲ್ಲಂಗಡಿ ಇದೆ, ಫೋಟೊ ಕೂಡ ಇದೆ. ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ಗುರುತಿನ ಸಂಖ್ಯೆ ಇದೆ, ಅದಕ್ಕೆ ಆಧಾರ್ ಜೋಡಣೆಯಾದ ಖಾತೆ ಇದೆ. ಯಂತ್ರ ಕೇಳುವುದು ಇಷ್ಟನ್ನೇ. ಬೆಳೆದವನು ಯಾರು ಎಂದು ಅದು ಕೇಳುವುದಿಲ್ಲ. ಕೇಳಿದರೂ ಗೇಣಿದಾರ ತೋರಿಸಲು ಕಾಗದವಿಲ್ಲ, ಏಕೆಂದರೆ 1974ರ ನಂತರ ಕೃಷಿಭೂಮಿಯನ್ನು ಗೇಣಿಗೆ ಕೊಡುವುದೇ ಕಾನೂನಿಗೆ ವಿರುದ್ಧ. ದಿನಕರ ದೇಸಾಯಿಯವರು ಗೇಣಿದಾರರ ಪರವಾಗಿ ನಿಂತು ಗಡೀಪಾರು ಅನುಭವಿಸಿದ ಜಿಲ್ಲೆ ಇದು. ಉಳುವವನಿಗೆ ಭೂಮಿ ಕೊಡಿಸಿದ ಕಾಯ್ದೆಯ ಫಲ ಉಂಡ ಮನೆಗಳು ಈ ಊರಿನಲ್ಲಿ ಎಷ್ಟೋ ಇವೆ. ಆ ಮನೆಗಳ ಮೂರನೆಯ ತಲೆಮಾರು ಊರು ಬಿಟ್ಟಾಗ ಗದ್ದೆ ಮತ್ತೆ ಬಾಯಿಮಾತಿನ ಗೇಣಿಗೆ ಹೋಗಿದೆ, ಮತ್ತು ಹೊಸ ಗೇಣಿದಾರ ಯಾವ ದಾಖಲೆಯಲ್ಲೂ ಇಲ್ಲ. ಪಿಎಂ ಕಿಸಾನ್ ಯೋಜನೆಯೂ ಭೂಮಿಯ ಒಡೆತನವನ್ನೇ ನೋಡುತ್ತದೆ. ಅದರ ಪಟ್ಟಿಯನ್ನು ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಅಲ್ಲಿಯೂ ಇವನು ಸಿಗುವುದಿಲ್ಲ.

ಇನ್ನು ಹಳ್ಳದ ಆಚೆಯವರ ವಿಚಾರ. ಮಾಸ್ತರರು ಸಮೀಕ್ಷೆಯ ಪ್ರತಿಯನ್ನು ಊರಿನ ನಕಾಶೆಯ ಪಕ್ಕದಲ್ಲಿಟ್ಟು, ಕಲ್ಲಂಗಡಿ ಎಂದು ದಾಖಲಾದ ಸರ್ವೆ ನಂಬರುಗಳಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಹಾಕುತ್ತ ಹೋದರು. ಕೆಂಪು ಗೆರೆಗಳೆಲ್ಲ ಡಾಂಬರು ರಸ್ತೆಯ ಎರಡೂ ಬದಿಗೆ ಸಾಲಾಗಿ ಕೂತವು. ಹಳ್ಳ ದಾಟಿದ ಮೇಲೆ ಒಂದೂ ಇಲ್ಲ. ಅಲ್ಲಿನ ಗದ್ದೆಗಳಲ್ಲಿ ಒಂದೋ ಭತ್ತ, ಇಲ್ಲವೇ ಬೀಳು ಎಂದಿತ್ತು. ಸಂಕ, ಅಂದರೆ ಕಾಲುಸೇತುವೆ, ದಾಟಿ ಹೋಗುವ ದಾರಿ ಅದು. ಸಮೀಕ್ಷೆಗೆ ನೇಮಿಸುವ ಸ್ಥಳೀಯರಿಗೆ, ಇಲಾಖೆಯ ಮಾತಿನಲ್ಲಿ ಖಾಸಗಿ ನಿವಾಸಿಗಳಿಗೆ, ಪ್ಲಾಟಿನ ಲೆಕ್ಕದಲ್ಲಿ ಪುಡಿಗಾಸು ಸಿಗುತ್ತದೆ. ಮೊಬೈಲ್ ಹಿಡಿದು ಗದ್ದೆಯೊಳಗೆ ನಿಂತರೆ ಮಾತ್ರ ಆ್ಯಪ್ ಫೋಟೊ ತೆಗೆದುಕೊಳ್ಳಬೇಕು, ಆದರೆ ನೆಟ್‌ವರ್ಕ್ ಇಲ್ಲದ ಕಡೆ, ಬಿಸಿಲಿನಲ್ಲಿ, ಗಡಿಯೇ ಕಾಣದ ಹಿಸ್ಸಾಗಳ ನಡುವೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಭತ್ತ ಎಂದು ಬರೆದದ್ದು ಬೇಸಿಗೆಗೂ ಮುಂದುವರಿಯುತ್ತದೆ. ಆ ಕೆಲಸ ಮಾಡಿದ ಹುಡುಗ ಇದೇ ಊರಿನವನು. ಅವನ ಸ್ವಂತ ಚಿಕ್ಕಪ್ಪನ ಗದ್ದೆಯೂ ಹಳ್ಳದ ಆಚೆಗೇ ಇದೆ, ಅದೂ ಬೀಳು ಎಂದೇ ದಾಖಲಾಗಿದೆ. ಆದ್ದರಿಂದ ಇದರಲ್ಲಿ ದುರುದ್ದೇಶ ಹುಡುಕಿದವರಿಗೆ ನಿರಾಶೆಯಾಯಿತು.

ಊರಿನ ಸಂಶಯ ಮೂರು ಸಲ ಬಂದ ಹೆಸರಿನ ಸುತ್ತ ತಿರುಗಿತ್ತು. ನಿಜವಾದ ತಪ್ಪು ಪಟ್ಟಿಯೊಳಗೆ ಇರಲೇ ಇಲ್ಲ, ಪಟ್ಟಿ ತಯಾರಾಗುವ ಮೊದಲೇ ಸಮೀಕ್ಷೆಯಲ್ಲಿ ಆಗಿಹೋಗಿತ್ತು. ಬರೀ ಫಲಾನುಭವಿಗಳ ಹೆಸರನ್ನು ಎಷ್ಟು ಸಲ ಪ್ರಕಟಿಸಿದರೂ ಅದು ಹೊರಗೆ ಬರುತ್ತಿರಲಿಲ್ಲ.

2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ನಡೆದು ಹೊಸ ಸದಸ್ಯರು ಬಂದ ಮೇಲೆ ಗ್ರಾಮಸಭೆ ಸೇರಿತು. ಮಾಸ್ತರರು ಮೂರು ಸಾಲುಗಳ ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿದರು. ಸಭೆ ಸ್ವಲ್ಪ ಹೊತ್ತು ಗುಸುಗುಸು ಎಂದಿತು, ಯಾರೂ ಕ್ಷಮೆ ಕೇಳಲಿಲ್ಲ. ಇಲಾಖೆಯಿಂದ ಬಂದಿದ್ದ ಸಹಾಯಕರು ಪ್ರಾಮಾಣಿಕವಾಗಿಯೇ ತಮ್ಮ ಸಂಕಟ ಹೇಳಿಕೊಂಡರು: "ಮಾಸ್ತರರೇ, ಹೆಸರು ಹಾಕಿದರೆ ಜಗಳ, ಹಾಕದಿದ್ದರೆ ಅನುಮಾನ. ನಾಲ್ಕು ಹೋಬಳಿಗೆ ನಾನೊಬ್ಬ. ಮೇಲಿನಿಂದ ಬಂದ ಪಟ್ಟಿಯನ್ನು ಪ್ರಿಂಟ್ ತೆಗೆದು ಅಂಟಿಸುತ್ತೇನೆ. ಕಾಲಂ ಯಾವುದಿರಬೇಕು ಎಂದು ನಾನು ತೀರ್ಮಾನಿಸುವುದಿಲ್ಲ."

ಮಾಸ್ತರರು ಕೇಳಿದ್ದು ಇಷ್ಟು: "ತಮ್ಮಾ, ಖಾತೆ ನಂಬರ್ ತೆಗೆಯಿರಿ, ಸರ್ವೆ ನಂಬರ್ ಹಾಕಿರಿ. ಮತ್ತೆ ಬಿಟ್ಟುಹೋದವರದ್ದೂ ಒಂದು ಪಟ್ಟಿ ಕೊಡಿರಿ."

ಸರ್ವೆ ನಂಬರ್ ಹಾಕಿದರೆ ಖಾಸಗಿತನಕ್ಕೆ ಧಕ್ಕೆಯಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಪಹಣಿಯನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಒಡೆಯನ ಹೆಸರು ತಿಳಿಯಲು ನಿಮಿಷ ಸಾಕು. ಹೀಗಿರುವಾಗ ಹೆಸರನ್ನು ಗುಟ್ಟು ಮಾಡುವ ವಾದ ನಿಲ್ಲುವುದಿಲ್ಲ.

ಬೇರೆ ದೇಶಗಳು ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿವೆ. ಅಮೆರಿಕದ ಕೃಷಿ ಇಲಾಖೆ 2020ರಲ್ಲಿ ಕೊರೊನಾ ನೆರವೆಂದು ಮೊದಲ ಹಂತದಲ್ಲಿಯೇ 1,600 ಕೋಟಿ ಡಾಲರ್ ನೇರ ಪಾವತಿ ಘೋಷಿಸಿತು, ಒಬ್ಬರಿಗೆ ಮಿತಿ ಎರಡೂವರೆ ಲಕ್ಷ ಡಾಲರ್. ಅಲ್ಲಿನ 2008ರ ಕೃಷಿ ಕಾಯ್ದೆಯ ಒಂದು ಕಲಂ ರೈತ ಕೊಟ್ಟ ಜಮೀನಿನ ವಿವರವನ್ನೂ ನಕಾಶೆಯ ಮಾಹಿತಿಯನ್ನೂ ಹೊರಗೆಡಹಬಾರದು ಎನ್ನುತ್ತದೆ, ಆದರೆ ಹಣ ಪಡೆದವರ ಹೆಸರು ಮತ್ತು ಮೊತ್ತಕ್ಕೆ ಆ ತಡೆ ಇಲ್ಲ. ಯುರೋಪಿನಲ್ಲಿ 2010ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ, ಪಡೆದದ್ದು ಎಷ್ಟು ಎಂದು ನೋಡದೆ ಎಲ್ಲ ವ್ಯಕ್ತಿಗಳ ಹೆಸರನ್ನೂ ಒಂದೇ ಸಮನೆ ಪ್ರಕಟಿಸುವ ನಿಯಮವನ್ನು ರದ್ದು ಮಾಡಿತು. 2013ರಲ್ಲಿ ಬಂದ ಹೊಸ ನಿಯಮದಲ್ಲಿ ಸಣ್ಣ ಮೊತ್ತದವರಿಗೆ, ಬಹುತೇಕ ದೇಶಗಳಲ್ಲಿ 1,250 ಯೂರೋವರೆಗೆ, ಹೆಸರಿನ ಬದಲು ಸಂಕೇತ ಹಾಕುತ್ತಾರೆ. ದೊಡ್ಡ ಜಮೀನಿನವರು ಎಷ್ಟು ಹೊಡೆದುಕೊಂಡರು ಎಂಬುದು ಅಲ್ಲಿನ ಚಿಂತೆ, ಅದಕ್ಕೆ ಹೆಸರೂ ಮೊತ್ತವೂ ಸಾಕು. ನಮ್ಮ ಊರಿನಲ್ಲಿ ಗರಿಷ್ಠವೇ 15,000. ಇಲ್ಲಿ ಮೋಸ ನಡೆಯುವುದು, ಅದಕ್ಕಿಂತ ಹೆಚ್ಚಾಗಿ ಅಚಾತುರ್ಯ ನಡೆಯುವುದು, ಗದ್ದೆಯ ಗುರುತಿನಲ್ಲಿ. ಅಮೆರಿಕದವರು ಮುಚ್ಚಿಡುವುದನ್ನೇ ನಾವು ಮೊದಲು ತೆರೆಯಬೇಕು.

2021ರ ಮೇ 19ರಂದು ಎರಡನೆಯ ಅಲೆಯ ಪ್ಯಾಕೇಜ್ ಬಂತು, 1,250 ಕೋಟಿಯದು. ಹೂವು, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000, ಮಿತಿ ಮತ್ತೆ ಒಂದು ಹೆಕ್ಟೇರ್. ಹೊಸ ಪಟ್ಟಿಯಲ್ಲಿ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಮಾತ್ರ ಇತ್ತು. ಸರ್ವೆ ನಂಬರ್, ವಿಸ್ತೀರ್ಣ, ಮೊತ್ತ ಬಂದಿದ್ದವು. ಇದಕ್ಕೆ ಮಾಸ್ತರರ ಅರ್ಜಿ ಕಾರಣವೋ, ತಂತ್ರಾಂಶದಲ್ಲಿ ಯಾರೋ ನಮೂನೆ ಬದಲಿಸಿದ್ದು ಕಾರಣವೋ ಎಂದು ವಿಚಾರಿಸುವ ಗೋಜಿಗೆ ನಾನು ಹೋಗಲಿಲ್ಲ. ಆ ಸಲ ಊರಿನಲ್ಲಿ ಜಗಳ ಆಗಲಿಲ್ಲ. ಗುಂಟೆಗೆ ನೂರು ರೂಪಾಯಿ ಎಂದು ಎಲ್ಲರಿಗೂ ಲೆಕ್ಕ ಬರುತ್ತಿತ್ತು.

ಹಳ್ಳದ ಆಚೆಯವರಲ್ಲಿ ಕೆಲವರು, 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಫೋಟೊ ತೆಗೆದು ಆ್ಯಪ್‌ಗೆ ಹಾಕುವ ಅವಕಾಶ ಬಂದ ಮೇಲೆ, ಮಕ್ಕಳ ಮೊಬೈಲಿನಿಂದ ತಾವೇ ದಾಖಲಿಸಿಕೊಂಡಿದ್ದರು. ಅವರಿಗೆ ಹಣ ಬಂತು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದವರಿಗೆ ಬರಲಿಲ್ಲ. ಗೇಣಿದಾರನಿಗೆ ಆ ವರ್ಷವೂ ಇಲ್ಲ. ಜಮೀನಿನ ಒಡೆಯರು ಮೊದಲ ಸಲದ 7,588ರಲ್ಲಿ ಅರ್ಧವನ್ನು ಅವನಿಗೆ ಕೊಟ್ಟರು ಎಂದು ಒಬ್ಬರು ಹೇಳುತ್ತಾರೆ, ಗೇಣಿಯಲ್ಲಿ ವಜಾ ಹಾಕಿಕೊಂಡರು ಎಂದು ಇನ್ನೊಬ್ಬರು. ಅವನನ್ನೇ ಕೇಳಿದರೆ ನಗುತ್ತಾನೆ. ಮುಂದಿನ ವರ್ಷವೂ ಅದೇ ಗದ್ದೆ ಬೇಕಲ್ಲ.

ತಿರಸ್ಕೃತರ ಪಟ್ಟಿ ಎರಡೂ ವರ್ಷ ಬರಲಿಲ್ಲ. ಮಾಸ್ತರರು ಅದನ್ನೇ ವಿಷಯವಾಗಿಟ್ಟು ಪ್ರತ್ಯೇಕ ಅರ್ಜಿ ಹಾಕಿದರು. ಅಂಥ ಪಟ್ಟಿಯನ್ನು ಕಚೇರಿಯಲ್ಲಿ ನಿರ್ವಹಿಸುತ್ತಿಲ್ಲ ಎಂದು ಹಿಂಬರಹ ಬಂತು. ಇದು ಸುಳ್ಳಲ್ಲದೆಯೂ ಇರಬಹುದು. ಸಮೀಕ್ಷೆಯಲ್ಲೇ ಬಾರದ ಗದ್ದೆಯನ್ನು ತಂತ್ರಾಂಶ ತಿರಸ್ಕರಿಸುವುದಿಲ್ಲ, ಅದು ಇದೆ ಎಂದೇ ತಂತ್ರಾಂಶಕ್ಕೆ ಗೊತ್ತಿಲ್ಲ. ಈ ನಡುವೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ, ಮಾಹಿತಿ ಹಕ್ಕಿನ 8(1)(ಜೆ)ಯಲ್ಲಿದ್ದ ಷರತ್ತುಗಳನ್ನು ತೆಗೆದು ವೈಯಕ್ತಿಕ ಮಾಹಿತಿ ಎಂಬಷ್ಟಕ್ಕೇ ನಿಲ್ಲಿಸಿದೆ. 4(1)(ಬಿ) ಹಾಗೆಯೇ ಉಳಿದಿದೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ 8(2)ವೂ ಉಳಿದಿದೆ. ಆದರೆ ಮೊದಲ ಅರ್ಜಿಗೇ ಹಾಗೆ ಉತ್ತರಿಸಿದ ಕಚೇರಿಗಳಿಗೆ ಈಗ ಇನ್ನೂ ಗಟ್ಟಿಯಾದ ನೆಪ ಸಿಕ್ಕಿದೆ. ಮಾಸ್ತರರು ಈಗ ಅರ್ಜಿಗಳಲ್ಲಿ ಹೆಸರನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ಕಾರಣ, ಈ ಐದನ್ನು ಮಾತ್ರ ಕೇಳುತ್ತಾರೆ. ಉಳಿದದ್ದನ್ನು ಪಹಣಿಯಲ್ಲಿ ನೋಡಿಕೊಳ್ಳುತ್ತಾರೆ.